ಹಾಲು ಬಿಟ್ಟ ವರ್ಷ

ಕಾರ್ಕಳದ ನನ್ನ ತವರುಮನೆಯ ಅಡುಗೆಕೋಣೆಗೆ ಬೆಳ್ಳುಳ್ಳಿ ಬರುವುದು ಬಾಣಂತನಕ್ಕೆ ಮಾತ್ರ. ಉಳಿದ ದಿನಗಳಲ್ಲಿ ಅದರ ಹೆಸರೆತ್ತಿದರೂ ಅಮ್ಮನ ಮೂಗು ಸೊಟ್ಟಗಾಗುತ್ತದೆ. ನಾನು ಕಾಲೇಜಿಗೆ ಹೋಗುತ್ತಿದ್ದಾಗ ಗೆಳತಿಯರ ಜೊತೆ ಗೋಬಿ ಮಂಚೂರಿ ತಿಂದು ಬಂದರೆ ಅವಳಿಗೆ ಜಗಲಿಯಲ್ಲೇ ಗೊತ್ತಾಗುತ್ತಿತ್ತು. ಬಾಯಿ ತೊಳೆದುಕೊಂಡೇ ಒಳಗೆ ಬಾ ಎಂದು ಅಲ್ಲಿಂದಲೇ ಅಪ್ಪಣೆ. ಆದರೆ ಮನೆಯಲ್ಲಿ ಒಬ್ಬಳು ಹೆತ್ತಳೆಂದರೆ ಕಾನೂನೇ ಬದಲಾಗುತ್ತದೆ. ಅದೇ ಬೆಳ್ಳುಳ್ಳಿ ಚೀಲಗಟ್ಟಲೆ ಬಂದು, ಸಿಪ್ಪೆ ಸುಲಿಸಿಕೊಂಡು, ಹಾಲಿನಲ್ಲಿ ಬೆಂದು, ಬೆಲ್ಲ ತುಪ್ಪಗಳ ಜೊತೆ ಸೇರಿ ಲೇಹ್ಯವಾಗಿ, ಭರಣಿಯೊಳಗೆ ಕುಳಿತು, ದೇವರ ಕೋಣೆಯ ಪಕ್ಕದ ಕಪಾಟಿನಲ್ಲೇ ಜಾಗ ಹಿಡಿಯುತ್ತದೆ. ಆಗ ಅದು ಬೆಳ್ಳುಳ್ಳಿಯಲ್ಲ, ಮದ್ದು. ಮದ್ದನ್ನು ನಮ್ಮಲ್ಲಿ ಯಾರೂ ತಿನ್ನುವ ಪದಾರ್ಥಗಳ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಈ ಕಾನೂನು ನನ್ನನ್ನೂ ನನ್ನ ಮಗಳನ್ನೂ ಎಷ್ಟು ಸತಾಯಿಸಿತು ಎನ್ನುವುದು ಈಗ ನೆನಪಾಗುವುದಕ್ಕೆ ಕಾರಣ ಮಗಳೇ. ಅವಳೀಗ ಮಣಿಪಾಲದಲ್ಲಿ ಶಾಲೆಗೆ ಹೋಗುತ್ತಾಳೆ. ಬೆಳಿಗ್ಗೆ ಹಾಲಿನ ಲೋಟ ಮುಂದಿಟ್ಟರೆ ಕೆನೆ ಉಂಟು ಎಂದು ತಕರಾರು, ಕೆನೆ ತೆಗೆದರೆ ಬಿಸಿ ಉಂಟು ಎಂದು ತಕರಾರು, ಆರಿಸಿ ಕೊಟ್ಟರೆ ತಣ್ಣಗಾಯಿತು ಎಂದು ತಕರಾರು. ಮೊಣಕಾಲು ನೋವು ಜಾಸ್ತಿಯಾದ ಮೇಲೆ ಕಾಪುವಿನ ಮನೆಗೆ ಬೀಗ ಹಾಕಿ ನಮ್ಮ ಜೊತೆಗೇ ಬಂದಿರುವ ಅತ್ತೆ, ಮೊಮ್ಮಗಳ ಎದುರು ಕುಳಿತು, "ಕುಡಿ ಮಗಾ, ನಿನಗೆ ಒಂದು ಚಮಚ ಹಾಲು ಕುಡಿಸಲಿಕ್ಕೆ ನಾವು ಎಷ್ಟು ಕಾದಿದ್ದೇವೆ ಗೊತ್ತುಂಟಾ?" ಎನ್ನುತ್ತಾರೆ. ಅವಳು ಗೊತ್ತಿಲ್ಲ ಎನ್ನುತ್ತಾಳೆ. ಗೊತ್ತಿರಲು ಸಾಧ್ಯವೂ ಇಲ್ಲ.

ಆಗ ಅತ್ತೆ ಕಾಪುವಿನಲ್ಲಿ ಒಬ್ಬರೇ ಇದ್ದರು. ಒಬ್ಬರೇ ಎಂದರೆ ಅವರು ಒಪ್ಪುತ್ತಿರಲಿಲ್ಲ, ಏಕೆಂದರೆ ಹಟ್ಟಿಯಲ್ಲಿ ದನ ಇತ್ತು. ಕಂದು ಬಣ್ಣದ, ಹಣೆಯಲ್ಲಿ ಬಿಳಿ ಬೊಟ್ಟಿದ್ದ, ಅಪರಿಚಿತರನ್ನು ಕಂಡರೆ ತಲೆ ತಗ್ಗಿಸಿ ಹೆದರಿಸುವ ಒಂದು ಹಟಮಾರಿ ದನ. ಮದುವೆಯಾದ ಹೊಸತರಲ್ಲಿ ನನ್ನನ್ನೂ ಹಾಗೆಯೇ ಹೆದರಿಸಿತ್ತು. ಹೆದ್ದಾರಿಯಿಂದ ಸಮುದ್ರದ ಕಡೆಗೆ ಇಳಿಯುವ ಓಣಿಯಲ್ಲಿ ಮನೆ. ಬೆಳಿಗ್ಗೆ ಹಾಲು ಕರೆಯುವ ಸದ್ದು ನಿಂತ ಮೇಲೆ ತೆರೆಗಳ ಸದ್ದು ಕೇಳುತ್ತಿತ್ತು. ಅತ್ತೆ ಹಾಲನ್ನು ಡೈರಿಗೆ ಹಾಕಿ, ಮನೆಗೆ ಬೇಕಾದಷ್ಟು ಉಳಿಸಿಕೊಂಡು, ಮೊಸರು ಕಡೆದು, ಬೆಣ್ಣೆ ಕಾಯಿಸುತ್ತಿದ್ದರು. ಆ ತುಪ್ಪದ ಘಮ ಈಗಿನ ಯಾವ ಬಾಟಲಿಯಲ್ಲೂ ಇಲ್ಲ. ಕಾಯಿಸುವಾಗ ಒಂದು ವೀಳ್ಯದೆಲೆ ಹಾಕುತ್ತಿದ್ದರು, ಗರಿಗರಿಯಾದ ಆ ಎಲೆಯನ್ನು ಅಡುಗೆಮನೆಯಲ್ಲೇ ನಿಂತು ನಾನು ತಿನ್ನುತ್ತಿದ್ದೆ.

ನಾನು ಗರ್ಭಿಣಿ ಎಂದು ತಿಳಿದ ದಿನದಿಂದ ಡೈರಿಗೆ ಹೋಗುವ ಹಾಲು ಕಡಿಮೆಯಾಯಿತು, ತುಪ್ಪದ ಭರಣಿ ತುಂಬತೊಡಗಿತು. ಅದನ್ನು ಯಾರೂ ಮುಟ್ಟುವಂತಿಲ್ಲ. ನನ್ನ ಗಂಡ ಒಮ್ಮೆ ದೋಸೆಗೆ ಒಂದು ಚಮಚ ಕೇಳಿ ಬೈಸಿಕೊಂಡಿದ್ದರು. "ಹೆರುವುದು ನೀನಾ?" ಎಂದು ಅತ್ತೆ ಕೇಳಿದ್ದರು. ಅತ್ತೆಯ ಈ ಹಟಕ್ಕೆ ಕಾರಣವಿತ್ತು. ಅವರು ನನ್ನ ಗಂಡನನ್ನು ಹೆತ್ತಾಗ ಅವರ ತವರಿನಲ್ಲಿ ದನ ಇರಲಿಲ್ಲ. ತುಪ್ಪ ಎನ್ನುವುದು ದೇವರ ದೀಪಕ್ಕೂ ಇರಲಿಲ್ಲವಂತೆ. ಅವರ ಬಾಣಂತನವೆಲ್ಲ ಮೆಂತೆಗಂಜಿಯಲ್ಲೇ ಮುಗಿದಿತ್ತು. ನೆನೆಸಿದ ಮೆಂತೆಯನ್ನು ಕುಚ್ಚಲಕ್ಕಿಯ ಜೊತೆ ಬೇಯಿಸಿ, ಬೆಲ್ಲ ಹಾಕಿ, ಹಿತ್ತಲಿನ ಮರದ ತೆಂಗಿನಕಾಯಿಯ ಹಾಲು ಹಿಂಡಿ ಮಾಡುವ ಗಂಜಿ. "ಬಂದವರು ಕೇಳುತ್ತಿದ್ದರು, ಬಾಣಂತಿಗೆ ತುಪ್ಪದ ಮದ್ದು ಎಂತ ಮಾಡಿದ್ದೀರಿ ಅಂತ. ನನ್ನ ಅಮ್ಮ ಸೆರಗಲ್ಲಿ ಮುಖ ಒರೆಸಿಕೊಂಡು ಒಳಗೆ ಹೋಗುತ್ತಿದ್ದಳು" ಎಂದು ಅತ್ತೆ ಒಮ್ಮೆ ನನಗೆ ಹೇಳಿದ್ದರು. ನನ್ನ ಸೊಸೆಗೆ ಹಾಗಾಗಬಾರದು ಎಂದು ಅವರು ಆಗಲೇ ನಿಶ್ಚಯಿಸಿದ್ದಿರಬೇಕು. ಆಗ ಸೊಸೆಯೂ ಇರಲಿಲ್ಲ, ದನವೂ ಇರಲಿಲ್ಲ.

ಮಣಿಪಾಲದ ಆಸ್ಪತ್ರೆಯಲ್ಲಿ ಮಗಳು ಹುಟ್ಟಿದಳು. ಅಲ್ಲಿಂದ ಕಾರ್ಕಳಕ್ಕೆ, ಅಮ್ಮನ ವಶಕ್ಕೆ. ಎಣ್ಣೆ, ಬಿಸಿನೀರು, ಹೊಟ್ಟೆಗೆ ಬಿಗಿದ ಹಳೆಯ ಸೀರೆ, ಕಿವಿಗೆ ಹತ್ತಿ, ಒಳ್ಳೆಮೆಣಸಿನ ಸಾರು. ನಾನು ಪಾಠ ಮಾಡುತ್ತಿದ್ದ ಕಾಲೇಜಿಗೆ ರಜೆ ಹಾಕಿದ್ದೆ, ಫೋನನ್ನು ಅಮ್ಮ ಕಿತ್ತಿಟ್ಟಿದ್ದಳು, ಕಣ್ಣಿಗೆ ಆಗುವುದಿಲ್ಲವಂತೆ. ಮಣಿಪಾಲದಲ್ಲಿ ಕೆಲಸದಲ್ಲಿದ್ದ ಗಂಡ ಭಾನುವಾರ ಬೈಕಿನಲ್ಲಿ ಬಂದು, ಅತಿಥಿಯಂತೆ ಕುರ್ಚಿಯ ತುದಿಯಲ್ಲಿ ಕುಳಿತು, ಮಗುವನ್ನು ನೋಡಿ ಹೋಗುತ್ತಿದ್ದರು. ಅತ್ತೆ ಕಾಪುವಿನಿಂದ ಬಸ್ಸು ಹತ್ತಿ, ಪಡುಬಿದ್ರೆಯಲ್ಲಿ ಇಳಿದು, ಕಾರ್ಕಳದ ಬಸ್ಸು ಹಿಡಿದು ಬಂದರು. ತೊಡೆಯ ಮೇಲೆ ಇಡೀ ದಾರಿ ಹಿಡಿದುಕೊಂಡು ಬಂದದ್ದು ಲೇಹ್ಯದ ಭರಣಿ. ತಮ್ಮ ದನದ ಹಾಲು, ತಮ್ಮ ಕೈಯ ತುಪ್ಪ. ಭರಣಿಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿದಾಗ ಅಮ್ಮನೂ ತಲೆದೂಗಿದಳು. ಬೀಗಿತ್ತಿಯರಿಬ್ಬರೂ ಒಂದೇ ಅಭಿಪ್ರಾಯಕ್ಕೆ ಬಂದ ಅಪರೂಪದ ಸಂದರ್ಭ ಅದು.

ಬೆಳಿಗ್ಗೆ ಒಂದು ಉಂಡೆ, ಸಂಜೆ ಒಂದು ಉಂಡೆ. ಖಾರ, ಸಿಹಿ, ತುಪ್ಪದ ಜಿಡ್ಡು, ಅದರಡಿಯಲ್ಲಿ ಸೋತು ಮಲಗಿದ ಬೆಳ್ಳುಳ್ಳಿ. ಸತ್ಯ ಹೇಳಬೇಕೆಂದರೆ ನನಗೆ ಅದು ಬಹಳ ಇಷ್ಟವಾಗಿತ್ತು.

ತಿಂಗಳು ಕಳೆಯುವ ಹೊತ್ತಿಗೆ ಒಂದು ಬೆಳಿಗ್ಗೆ ಅಮ್ಮ ಮಗುವಿನ ಬಟ್ಟೆ ಬದಲಿಸುತ್ತಾ, "ಇದೆಂತ, ಸೀರೆಯ ಕೆಂಪು ನೂಲು ಬಿದ್ದಿದೆ ಇದರಲ್ಲಿ" ಎಂದಳು. ತೆಗೆಯಲು ಹೋದರೆ ಅದು ನೂಲಲ್ಲ. ಮಗುವಿನ ಮಲದಲ್ಲಿ ರಕ್ತದ ಎಳೆ, ಜೊತೆಗೆ ಲೋಳೆ. ಅಮ್ಮ ಬಟ್ಟೆಯನ್ನು ಹಿಡಿದುಕೊಂಡು ಅಂಗಳದ ಬೆಳಕಿಗೆ ಓಡಿದಳು, ನಾನು ಓಡಬಾರದ ಬಾಣಂತಿ ಅವಳ ಹಿಂದೆಯೇ ಓಡಿದೆ. ಮಗು ಮಾತ್ರ ಕಾಲು ಆಡಿಸುತ್ತಾ ತೊಟ್ಟಿಲ ಮೇಲಿನ ಜೋತಾಡುವ ಗಿಳಿಗಳನ್ನು ನೋಡುತ್ತಿತ್ತು. ಸಂಜೆಯ ಹೊತ್ತು ಹೊಟ್ಟೆ ಮುರಿದುಕೊಂಡು ಅಳುತ್ತಿದ್ದದ್ದನ್ನು ಬಿಟ್ಟರೆ ಅದಕ್ಕೆ ಬೇರೆ ಯಾವ ತೊಂದರೆಯೂ ಇದ್ದಂತೆ ಕಾಣುತ್ತಿರಲಿಲ್ಲ.

ಮಣಿಪಾಲದ ಮಕ್ಕಳ ಡಾಕ್ಟರು ನನ್ನ ವಯಸ್ಸಿನ ಹೆಂಗಸು. ಮಗುವನ್ನು ತೂಗಿ, ಹೊಟ್ಟೆ ಒತ್ತಿ, ಎಲ್ಲ ಕಡೆ ನೋಡಿದ ಮೇಲೆ, "ತೂಕ ಚೆನ್ನಾಗಿ ಏರುತ್ತಾ ಉಂಟು, ಹೆದರಬೇಡಿ. ನನಗೆ ಅನುಮಾನ ಇರುವುದು ದನದ ಹಾಲಿನ ಅಲರ್ಜಿ" ಎಂದರು.

"ಮಗುವಿಗೆ ನಾನು ದನದ ಹಾಲು ಕೊಟ್ಟೇ ಇಲ್ಲ ಡಾಕ್ಟ್ರೇ. ಒಂದು ಹನಿ ನೀರು ಸಹ ಕೊಟ್ಟಿಲ್ಲ."

"ನೀವು ಕುಡಿಯುತ್ತೀರಲ್ಲ? ಅದರ ಅಂಶ ಸ್ವಲ್ಪ ನಿಮ್ಮ ಎದೆಹಾಲಿಗೆ ಹೋಗ್ತದೆ. ಹೆಚ್ಚಿನ ಮಕ್ಕಳಿಗೆ ಎಂತ ಆಗುವುದಿಲ್ಲ. ಕೆಲವರ ಕರುಳಿಗೆ ಅದು ಒಗ್ಗುವುದಿಲ್ಲ."

ಎದೆಹಾಲು ನಿಲ್ಲಿಸುವುದು ಬೇಡ, ನಾನು ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ, ಹಾಲು ಸೇರಿದ ಯಾವ ತಿಂಡಿಯನ್ನೂ ಕೆಲವು ವಾರ ಮುಟ್ಟಬಾರದು, ಕ್ಯಾಲ್ಸಿಯಂ ಮಾತ್ರೆ ತೆಗೆದುಕೊಳ್ಳಬೇಕು ಎಂದರು. ಆಮೇಲೂ ಕಡಿಮೆಯಾಗದಿದ್ದರೆ? ಆಗ ಮಗುವಿಗೆ ವಿಶೇಷ ಪುಡಿಹಾಲಿನ ಯೋಚನೆ ಮಾಡಬೇಕಾಗಬಹುದು. ಅವರು ಅದನ್ನು ಮೃದುವಾಗಿಯೇ ಹೇಳಿದರು. ನನಗೆ ಕೇಳಿಸಿದ್ದು ಮಾತ್ರ ಬೇರೆ. ನಾನು ಕೊಡುತ್ತಿರುವುದೇ ನನ್ನ ಮಗುವನ್ನು ನೋಯಿಸುತ್ತಿದೆ, ಇನ್ನು ಕೆಲವು ವಾರಗಳಲ್ಲಿ ಅವಳನ್ನು ನನ್ನ ಎದೆಯಿಂದ ಬಿಡಿಸಿ ಬಾಟಲಿಗೆ ಕೊಡಬೇಕು. ಕಾರಿನಲ್ಲಿ ಕುಳಿತು ಮಗುವಿಗೆ ಹಾಲು ಕೊಡಲು ಹೆದರಿಕೆಯಾಯಿತು. ಅದು ಬಾಯಿ ತೆರೆದು ಹುಡುಕುತ್ತಿತ್ತು, ನಾನು ಅಳುತ್ತಾ ಕೊಟ್ಟೆ.

ನಾವು ಕಾರ್ಕಳಕ್ಕೆ ಬಂದು ವಿಷಯ ಹೇಳಿದ್ದೇ ತಡ, ಅಮ್ಮ ಅಡುಗೆಮನೆಯಲ್ಲಿ ಶೋಧ ಶುರುಮಾಡಿದಳು. ನನ್ನ ತಟ್ಟೆಯ ಹತ್ತಿರ ತುಪ್ಪದ ಬಾಟಲಿ ಬರುವಂತಿಲ್ಲ. ದೋಸೆ ತೆಂಗಿನೆಣ್ಣೆಯಲ್ಲಿ. ಊಟದ ಕೊನೆಯಲ್ಲಿ ಮಜ್ಜಿಗೆಯ ಬದಲು ತಿಳಿಸಾರು. ಬಿಸ್ಕೆಟಿನ ಪೊಟ್ಟಣವನ್ನು ಕನ್ನಡಕ ಹಾಕಿಕೊಂಡು ಓದಿ ಅದನ್ನೂ ಪಕ್ಕದ ಮನೆಗೆ ದಾಟಿಸಿದಳು. ನನಗೆ ಬಡಿಸುವ ಸೌಟು ಬೇರೆ, ಪಾತ್ರೆ ಬೇರೆ. ಮಡಿಯಲ್ಲಿ ಪಳಗಿದ ಹೆಂಗಸರಿಗೆ ಇಂಥದ್ದನ್ನು ಯಾರೂ ಕಲಿಸಬೇಕಾಗಿಲ್ಲ. ಇಷ್ಟೆಲ್ಲ ಆದಮೇಲೆ, ಬೆಳಿಗ್ಗೆ ಒಂದು ಉಂಡೆ, ಸಂಜೆ ಒಂದು ಉಂಡೆ ಕೈಗೆ ಕೊಡುತ್ತಿದ್ದಳು.

ಇಲ್ಲಿ ಯಾರೂ ನಗಬಾರದು. ನಾನು ಎಂ.ಎ. ಓದಿದವಳು, ಕಾಲೇಜಿನಲ್ಲಿ ಮಕ್ಕಳಿಗೆ ತರ್ಕಬದ್ಧವಾಗಿ ಬರೆಯುವುದು ಹೇಗೆ ಎಂದು ಹೇಳಿಕೊಡುವವಳು. ನನ್ನ ಗಂಡ ದಿನವಿಡೀ ಕಂಪ್ಯೂಟರಿನ ಮುಂದೆ ತಪ್ಪು ಹುಡುಕುವ ಕೆಲಸದವರು. ನಮಗ್ಯಾರಿಗೂ ಅದು ಹೊಳೆಯಲಿಲ್ಲ. ಭರಣಿಯೊಳಗಿನದು ಮದ್ದಾಗಿತ್ತು, ಅಷ್ಟೇ.

ಬಟ್ಟೆ ನೋಡುವುದು ಮನೆಯ ನಿತ್ಯವಿಧಿಯಾಯಿತು. ಅಮ್ಮ ಅದನ್ನು ಕಿಟಕಿಯ ಹತ್ತಿರ ಹಿಡಿದು, ಪಂಚಾಂಗ ನೋಡುವಷ್ಟು ಶ್ರದ್ಧೆಯಿಂದ ನೋಡಿ, "ಇವತ್ತು ಕಡಿಮೆ ಉಂಟು" ಎನ್ನುತ್ತಿದ್ದಳು. ಮರುದಿನ ಮತ್ತೆ ಎಳೆ. ಹಾಲು ಮೊಸರು ಬಿಟ್ಟದ್ದರಿಂದ ಸ್ವಲ್ಪ ಕಡಿಮೆಯಾದದ್ದು ಹೌದು, ನಿಂತಿರಲಿಲ್ಲ. ನೋಡಲು ಬಂದವರೆಲ್ಲ ಸಲಹೆ ಕೊಟ್ಟರು. ತಾಯಿಯ ಹಾಲೇ ಸರಿಯಿಲ್ಲ, ಡಬ್ಬದ ಹಾಲು ಹಾಕಿಬಿಡಿ ಎಂದರು ಒಬ್ಬರು. ದೃಷ್ಟಿ ಎಂದರು ಇನ್ನೊಬ್ಬರು. ತಾಯಿಯ ಹಾಲೇ ಸರಿಯಿಲ್ಲ ಎಂದವರಿಗೆ ನಾನು ಬಾಗಿಲು ತೋರಿಸುವುದೊಂದು ಬಾಕಿ. ಅವರು ಹೋದ ಮೇಲೆ ಅದೇ ಮಾತು ನನ್ನ ತಲೆಯಲ್ಲಿ ತಿರುಗುತ್ತಿತ್ತು. ಡಾಕ್ಟರು ಹೇಳಿದ ವಾರಗಳು ಮುಗಿಯುತ್ತಾ ಬಂದಿದ್ದವು.

ಮತ್ತೆ ಮಣಿಪಾಲಕ್ಕೆ ಹೋದಾಗ ಅಮ್ಮನೂ ಬಂದಳು. ಡಾಕ್ಟರು ಬಟ್ಟೆಯ ಫೋಟೋ ನೋಡಿ ಹುಬ್ಬುಗಂಟಿಕ್ಕಿದರು. "ಎಲ್ಲಿಂದಲೋ ಹಾಲು ಹೋಗುತ್ತಾ ಉಂಟು. ಪುಡಿಹಾಲಿನ ಮಾತು ಆಮೇಲೆ. ಮೊದಲು, ಇವರು ಎದ್ದಾಗಿನಿಂದ ಮಲಗುವವರೆಗೆ ಎಂತೆಂತ ತಿನ್ನುತ್ತಾರೆ, ಒಂದೂ ಬಿಡದೆ ಹೇಳಿ."

ಅಮ್ಮ ನೆಟ್ಟಗೆ ಕುಳಿತು ಒಪ್ಪಿಸಿದಳು. ಗಂಜಿ, ಸಾರು, ತೊಂಡೆಕಾಯಿ ಪಲ್ಯ, ತೆಂಗಿನೆಣ್ಣೆಯ ದೋಸೆ, ಬೇಯಿಸಿದ ನೇಂದ್ರ ಬಾಳೆ. "ಇಷ್ಟೇ. ಮತ್ತೆಂತ ಇಲ್ಲ. ಮದ್ದು ಮಾತ್ರ."

"ಯಾವ ಮದ್ದು? ನಾನು ಬರೆದ ಮಾತ್ರೆಯಾ?"

"ಅದಲ್ಲ. ಬಾಣಂತಿ ಮದ್ದು. ಲೇಹ್ಯ."

"ಅದರಲ್ಲಿ ಎಂತ ಹಾಕ್ತೀರಿ?"

ಅಮ್ಮ ಬಾಗಿಲ ಕಡೆ ನೋಡಿದಳು. ಹೊರಗೆ ಕಾಯುತ್ತಿದ್ದವರಿಗೆ ಕೇಳಿಸದಂತೆ ದನಿ ತಗ್ಗಿಸಿ, "ಬೆಳ್ಳುಳ್ಳಿ" ಎಂದಳು. ಅವಳ ಪ್ರಕಾರ ಅದರಲ್ಲಿ ಮುಚ್ಚಿಡಬೇಕಾದದ್ದು ಅದೊಂದೇ. "ನಾವು ಬೇರೆ ಯಾವುದಕ್ಕೂ ಅದನ್ನು ಮುಟ್ಟುವುದಿಲ್ಲ ಡಾಕ್ಟ್ರೇ. ಮದ್ದು ಅಂತ ಮಾತ್ರ."

"ಬೆಳ್ಳುಳ್ಳಿ ಇರಲಿ ಅಮ್ಮಾ. ಅದನ್ನು ಯಾವುದರಲ್ಲಿ ಬೇಯಿಸ್ತೀರಿ?"

"ಹಾಲಲ್ಲಿ" ಎಂದಳು ಅಮ್ಮ. ಎಂದವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಆದರೂ ಸುಲಭವಾಗಿ ಸೋಲುವವಳಲ್ಲ. "ಆದರೆ ಹಾಲು ಪೂರ್ತಿ ಇಂಗುವವರೆಗೆ ಬೇಯಿಸುವುದು. ಕೊನೆಗೆ ಅದರಲ್ಲಿ ಹಾಲು ಅಂತ ಇರುವುದೇ ಇಲ್ಲ, ಅಲ್ವಾ?"

ಡಾಕ್ಟರು ನಗು ತಡೆದುಕೊಳ್ಳಲು ಪೆನ್ನು ಹುಡುಕುವ ನಾಟಕ ಮಾಡಿದರು. ನೀರು ಮಾತ್ರ ಇಂಗುವುದು, ಹಾಲಿನ ಅಂಶವೆಲ್ಲ ಅಲ್ಲೇ ಗಟ್ಟಿಯಾಗಿ ಕೂರುವುದು ಎಂದು ಸಮಾಧಾನವಾಗಿ ಹೇಳಿದರು. ಮನೆಯಲ್ಲಿ ಕಾಯಿಸಿದ ತುಪ್ಪದಲ್ಲೂ ಸ್ವಲ್ಪ ಉಳಿದಿರುತ್ತದೆ, ಲೇಹ್ಯ ಇವತ್ತೇ ನಿಲ್ಲಿಸಿ, ಇನ್ನೊಮ್ಮೆ ಕಾದು ನೋಡುವ ಎಂದರು. ಕಾರು ಹೊರಟ ಮೇಲೆ ಅಮ್ಮ, "ಇದನ್ನು ನಿನ್ನ ಅತ್ತೆಗೆ ಹೇಳುವವರು ಯಾರು?" ಎಂದಳು.

ಗಂಡ ಕಾರು ಓಡಿಸುತ್ತಿದ್ದರು. ರಸ್ತೆಯ ಮೇಲೆ ಅವರಿಗೆ ಇದ್ದಕ್ಕಿದ್ದಂತೆ ಭಾರೀ ಗಮನ ಬಂತು.

ಕೊನೆಗೆ ಹೇಳಿದವಳು ನಾನೇ. ಅತ್ತೆ ಮುಂದಿನ ಸಲ ಬಂದು, ಕಾಲು ತೊಳೆದು, ಮಗುವನ್ನು ಎತ್ತಿಕೊಂಡು, "ಲೇಹ್ಯ ಮುಗಿಯುತ್ತಾ ಬಂತಾ? ಇನ್ನೊಂದು ಭರಣಿಗೆ ಆಗುವಷ್ಟು ತುಪ್ಪ ಉಂಟು" ಎಂದರು. ನಾನು ಎಷ್ಟು ನಯವಾಗಿ ಸಾಧ್ಯವೋ ಅಷ್ಟು ನಯವಾಗಿ ಹೇಳಿದೆ. ಅವರು ಕೇಳಿಸಿಕೊಂಡರು. ಮಗುವಿನ ಮುಷ್ಟಿಯಲ್ಲಿದ್ದ ತಮ್ಮ ಬೆರಳನ್ನು ನೋಡುತ್ತಾ, "ನನ್ನ ತುಪ್ಪದಿಂದಲಾ?" ಎಂದು ಕೇಳಿದರು.

"ನಿಮ್ಮದು ಅಂತಲ್ಲ ಅತ್ತೆ. ಯಾವ ದನದ ಹಾಲಾದರೂ ಅವಳಿಗೆ ಈಗ ಆಗುವುದಿಲ್ಲವಂತೆ. ದೊಡ್ಡದಾದ ಹಾಗೆ ಸರಿಯಾಗ್ತದಂತೆ."

"ಹೂಂ" ಎಂದರು. ಅಮ್ಮ ಚಾ ಮಾಡಲು ಎದ್ದಾಗ, "ನನಗೆ ಹಾಲು ಹಾಕುವುದು ಬೇಡ, ಕಣ್ಣ ಚಾ ಸಾಕು" ಎಂದರು. ಹಾಲಿಲ್ಲದ ಆ ಕಪ್ಪು ಚಹಾವನ್ನು ಕುಡಿದು, ಉಳಿದ ಲೇಹ್ಯದ ಭರಣಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಸಂಜೆಯ ಬಸ್ಸಿಗೆ ಹೊರಟುಹೋದರು. ಬಸ್ಸಿನ ಕಿಟಕಿಯಲ್ಲಿ, ತೊಡೆಯ ಮೇಲೆ ಭರಣಿ ಹಿಡಿದುಕೊಂಡು ಕುಳಿತಿದ್ದ ಅವರ ಮುಖವನ್ನು, ಬಸ್ಸು ಹತ್ತಿಸಿ ಬಂದ ಗಂಡ ವಿವರಿಸಿದಾಗ ನನಗೆ ಬಹಳ ಸಂಕಟವಾಯಿತು.

ಅಮ್ಮನಿಗೆ ಸಂಕಟಕ್ಕಿಂತ ಹೆಚ್ಚು ಸಿಟ್ಟು ಬಂದಿತ್ತು. ಸಿಟ್ಟು ಚಹಾದ ವಿಷಯಕ್ಕೆ. "ನಮ್ಮದು ಪ್ಯಾಕೆಟ್ ಹಾಲು ಅಂತ ಅಲ್ವಾ? ಅವರ ದನದ ಹಾಲಿನ ಮುಂದೆ ನಮ್ಮದು ಹಾಲೇ ಅಲ್ಲ. ಮೊದಲು ಕುಡಿಯುತ್ತಿದ್ದರು, ಈಗ ಮರ್ಯಾದೆಗೂ ಬೇಡ." ಇಲ್ಲಮ್ಮಾ, ಬೇಸರದಲ್ಲಿದ್ದರು ಎಂದು ನಾನು ಹೇಳಿದೆ. ಮನಸ್ಸಿನಲ್ಲಿ ನನಗೂ ಅತ್ತೆ ಕೋಪಿಸಿಕೊಂಡೇ ಹೋಗಿದ್ದಾರೆ ಅನಿಸಿತ್ತು.

ಆದರೆ ಅವರು ಸ್ವಲ್ಪ ದಿನಕ್ಕೇ ಮತ್ತೆ ಬಂದರು. ತೊಡೆಯ ಮೇಲೆ ಮತ್ತೆ ಭರಣಿ. "ದನದ್ದು ಒಂದು ಹನಿ ಇಲ್ಲ. ಹೊಸ ಉರುಳಿಯಲ್ಲಿ ಮಾಡಿದ್ದು" ಎಂದು ಅಮ್ಮನ ಕೈಗೆ ಕೊಟ್ಟರು. ಬೆಳ್ಳುಳ್ಳಿಯನ್ನು ತೆಂಗಿನಕಾಯಿ ಹಾಲಿನಲ್ಲಿ ಬೇಯಿಸಿ, ತುಪ್ಪದ ಬದಲು ತೆಂಗಿನೆಣ್ಣೆ ಹಾಕಿ ಕಾಯಿಸಿದ್ದರು. ಬೆಳ್ಳುಳ್ಳಿ ಈ ಸಲ ಸ್ವಲ್ಪವೂ ಸೋತಿರಲಿಲ್ಲ. ತಿಂದ ಮೇಲೆ ನನ್ನ ಹತ್ತಿರ ಮಗುವನ್ನು ಬಿಟ್ಟು ಬೇರೆ ಯಾರೂ ಬರುತ್ತಿರಲಿಲ್ಲ. ಅಷ್ಟೇ ಅಲ್ಲ, ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿ, ಅಮ್ಮನ ಅಡುಗೆಮನೆಯಲ್ಲೇ ನಿಂತು ಮೆಂತೆಗಂಜಿ ಮಾಡಿದರು. ಕಾಯಿಹಾಲು ಹಿಂಡಿ, ಬೆಲ್ಲ ಕರಗಿಸಿ, ದೊಡ್ಡ ಬಟ್ಟಲಲ್ಲಿ ನನ್ನ ಮುಂದಿಟ್ಟರು. ಯಾವ ಗಂಜಿಯ ಅವಮಾನದಿಂದ ನನ್ನನ್ನು ಕಾಪಾಡಬೇಕೆಂದು ಅಷ್ಟು ತುಪ್ಪ ಕೂಡಿಟ್ಟಿದ್ದರೋ ಅದೇ ಗಂಜಿ. "ನನ್ನ ಅಮ್ಮ ಮಾಡಿದ ಹಾಗೆ ಬಂದಿಲ್ಲ" ಎಂದರು. ನಾನು ಬಟ್ಟಲು ನೆಕ್ಕಿದೆ. ಈಗಲೂ ಜ್ವರ ಬಂದು ಬಾಯಿ ಕೆಟ್ಟಾಗ ಅತ್ತೆಯ ಹತ್ತಿರ ಕೇಳಿ ಮಾಡಿಸಿಕೊಳ್ಳುವುದು ಅದನ್ನೇ.

ಅಂದೂ ಅತ್ತೆ ಕುಡಿದದ್ದು ಕಣ್ಣ ಚಾ. ಅಮ್ಮ ನನ್ನ ಕಡೆ ನೋಡಿ ಕಣ್ಣಲ್ಲೇ, ಕಂಡೆಯಾ, ಎಂದಳು.

ಎಳೆಗಳು ಮೆಲ್ಲನೆ ಕಡಿಮೆಯಾದವು, ಆಮೇಲೆ ನಿಂತವು. ಅಮ್ಮನಿಗೆ ನಂಬಿಕೆ ಬರಲಿಲ್ಲ. ಬಟ್ಟೆಯನ್ನು ಅಂಗಳಕ್ಕೆ ಒಯ್ದು ನೋಡಿದಳು, ಕನ್ನಡಕ ಒರೆಸಿ ನೋಡಿದಳು, ನನ್ನನ್ನು ಕರೆದು ತೋರಿಸಿದಳು. ಸಂಜೆಯ ಅಳು ಸಹ ಕಡಿಮೆಯಾಗಿ, ಮಗು ನನ್ನ ಮಡಿಲಲ್ಲಿ ಹೊಟ್ಟೆ ತುಂಬ ಕುಡಿದು ಹಾಗೆಯೇ ನಿದ್ದೆ ಹೋಗತೊಡಗಿತು. ಬಾಟಲಿ ಬರಲಿಲ್ಲ. ಅವಳು ನನ್ನ ಹತ್ತಿರವೇ ಉಳಿದಳು. ಆ ದಿನಗಳ ಸುಖವನ್ನು ಹೇಗೆ ಹೇಳುವುದು? ಬೆಳ್ಳುಳ್ಳಿಯ ವಾಸನೆಯ ಕೋಣೆ, ಕಿಟಕಿಯಲ್ಲಿ ಒಣಗುವ ಪುಟ್ಟ ಬಟ್ಟೆಗಳು, ಹೊರಗೆ ಬಸ್ಸಿನ ಕಂಡಕ್ಟರನ ಸೀಟಿ, ತೊಡೆಯ ಮೇಲೆ ಬೆಚ್ಚಗಿನ ಭಾರ. ಅಷ್ಟು ನೆಮ್ಮದಿಯಾಗಿ ನಾನು ಮತ್ತೆ ಯಾವತ್ತೂ ಕುಳಿತಿಲ್ಲ.

ಆ ವರ್ಷವಿಡೀ ನಾನು ಹಾಲು ಮುಟ್ಟಲಿಲ್ಲ. ಮಗುವಿಗೆ ಅನ್ನ ಉಣಿಸುವ ಶಾಸ್ತ್ರವನ್ನು ಉಡುಪಿಯಲ್ಲಿ ದೇವರ ಎದುರು ಮಾಡುವುದೆಂದು ಅತ್ತೆಯ ಆಸೆಯಿತ್ತು. ಹಾಲುಪಾಯಸದ ಬದಲು ಕಾಯಿಹಾಲಿನ ಪಾಯಸವನ್ನು ಅವರೇ ಮನೆಯಲ್ಲಿ ಮಾಡಿ ಸಣ್ಣ ಡಬ್ಬಿಯಲ್ಲಿ ತಂದಿದ್ದರು. ದೇವಸ್ಥಾನದ ಊಟಕ್ಕೆ ಕುಳಿತಾಗ ನನ್ನ ಪಕ್ಕದ ಎಲೆ ಅವರದ್ದು. ಕೊನೆಗೆ ಮಜ್ಜಿಗೆ ಬಂತು. ನಾನು ಬೇಡ ಎಂದೆ. ಅವರೂ ಎಲೆಗೆ ಕೈ ಅಡ್ಡ ಹಿಡಿದರು. ಮಜ್ಜಿಗೆ ಅನ್ನ ಉಣ್ಣದೆ ಊಟ ಮುಗಿಯಿತೆಂದು ಒಪ್ಪದ ಹೆಂಗಸು ಅವರು. ಹೊಟ್ಟೆ ಸರಿ ಇಲ್ಲವೇ ಎಂದು ಕೇಳಿದೆ. "ತಂಪು ಆಗುವುದಿಲ್ಲ ಈಗೀಗ" ಎಂದರು. ವಯಸ್ಸಾಯಿತು ಅಂದುಕೊಂಡೆ. ಎದುರು ಸಾಲಿನಲ್ಲಿದ್ದ ಅಮ್ಮನೂ ಅದನ್ನು ನೋಡಿದಳು, ಈ ಸಲ ಏನೂ ಹೇಳಲಿಲ್ಲ, ಅಲ್ಲಿಯ ಮಜ್ಜಿಗೆ ನಮ್ಮ ಮನೆಯ ಪ್ಯಾಕೆಟಿನದಾಗಿರಲಿಲ್ಲವಲ್ಲ.

ವರ್ಷ ತುಂಬಿದ ಮೇಲೆ ಡಾಕ್ಟರು, ಇನ್ನು ಹಾಲು ಕೊಟ್ಟು ನೋಡಬಹುದು, ಸ್ವಲ್ಪ ಸ್ವಲ್ಪವಾಗಿ ಏರಿಸಿ, ಏನಾದರೂ ಕಂಡರೆ ನಿಲ್ಲಿಸಿ ಕರೆತನ್ನಿ ಎಂದರು. ನಾನು ಕಾಲೇಜಿಗೆ ರಜೆ ಹಾಕಿ ಮಗಳನ್ನು ಕರೆದುಕೊಂಡು ಕಾಪುವಿಗೆ ಹೋದೆ. ಮೊದಲ ಹಾಲು ಆ ದನದ್ದೇ ಆಗಬೇಕೆಂದು ನನ್ನ ಹಟ.

ಅತ್ತೆ ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಅವರು ಹೆದರಿದರು. "ಬೇಡ ಮಾರಾಯ್ತಿ. ಪ್ಯಾಕೆಟಿನದ್ದೇ ಕೊಡು. ನನ್ನ ಕೈಯ ಹಾಲಿನಿಂದ ಮತ್ತೊಮ್ಮೆ ಮಗುವಿಗೆ ಏನಾದರೂ ಆದರೆ ನಾನು ತಡೆದುಕೊಳ್ಳಲಿಕ್ಕಿಲ್ಲ."

"ಆಗುವುದಾದರೆ ಯಾವ ಹಾಲಿನಿಂದಲೂ ಆಗ್ತದೆ ಅತ್ತೆ. ಕೊಡುವುದಾದರೆ ಇದನ್ನೇ ಕೊಡುವುದು."

ಹಾಲು ಕಾಯಿಸಿ, ಆರಿಸಿ, ಬಟ್ಟಲು ಚಮಚವನ್ನು ನನ್ನ ಕೈಗೆ ಕೊಟ್ಟು ಅವರು ಹಟ್ಟಿಗೆ ಹೋಗಿಬಿಟ್ಟರು. ಮಗಳು ಮೊದಲ ಚಮಚಕ್ಕೆ ಮುಖ ಕಿವುಚಿದಳು, ಎರಡನೆಯದಕ್ಕೆ ನಾಲಿಗೆ ಚಾಚಿದಳು. ಕಿಟಕಿಯಿಂದ ನೋಡಿದರೆ ಅತ್ತೆ ದನದ ಕುತ್ತಿಗೆಯ ಮೇಲೆ ಕೈಯಿಟ್ಟುಕೊಂಡು ನಮಗೆ ಬೆನ್ನು ಹಾಕಿ ನಿಂತಿದ್ದರು. ಮರುದಿನದಿಂದ ಬಟ್ಟೆ ನೋಡುವ ಕೆಲಸ ಅವರದ್ದಾಯಿತು. ಅಂಗಳದ ತುಳಸಿಕಟ್ಟೆಯ ಹತ್ತಿರ ಬೆಳಕಿಗೆ ಹಿಡಿದು ನೋಡಿ, ತಲೆಯಾಡಿಸಿ ಒಳಗೆ ಬರುತ್ತಿದ್ದರು. ಚಮಚ ಕಾಲು ಲೋಟವಾಯಿತು, ಕಾಲು ಲೋಟ ಅರ್ಧವಾಯಿತು. ಎಳೆ ಬರಲಿಲ್ಲ, ಅಳು ಬರಲಿಲ್ಲ. ಲೋಟ ಖಾಲಿಯಾದರೆ ಮಾತ್ರ ಮಗಳು ಅಳುತ್ತಿದ್ದಳು.

ನಾವು ಮಣಿಪಾಲಕ್ಕೆ ಹೊರಡುವ ದಿನ ಬೆಳಿಗ್ಗೆ ಚಾ ಮಾಡಿದವಳು ನಾನು. ನನ್ನ ಲೋಟಕ್ಕೆ ವರ್ಷದ ಮೇಲೆ ಮೊದಲ ಸಲ ಹಾಲು ಹಾಕಿಕೊಂಡೆ. ಅತ್ತೆಗೆ ಎಂದಿನಂತೆ ಕಣ್ಣ ಚಾ. ಜಗಲಿಯಲ್ಲಿ ಕುಳಿತಿದ್ದ ಅವರ ಕೈಗೆ ಕೊಟ್ಟಾಗ ಲೋಟದೊಳಗೆ ನೋಡಿ, "ಇದೆಂತ? ಮನೆಯಲ್ಲಿ ಹಾಲಿಲ್ಲವಾ?" ಎಂದು ಕೇಳಿದರು.

"ನೀವು ಕುಡಿಯುವುದು ಇದನ್ನೇ ಅಲ್ವಾ?"

"ಅದು ಇಷ್ಟು ದಿನ. ಮಗು ಹಾಲು ಕುಡಿಯುವವರೆಗೆ ನಾನೂ ಮುಟ್ಟುವುದಿಲ್ಲ ಅಂತ ದೇವರ ಹತ್ತಿರ ಹೇಳಿಕೊಂಡಿದ್ದೆ. ಹಾಲು, ಮೊಸರು, ತುಪ್ಪ, ಯಾವುದೂ. ಈಗ ಕುಡಿದಳಲ್ಲ. ಹಾಕಿಕೊಂಡು ಬಾ, ಸ್ವಲ್ಪ ಜಾಸ್ತಿಯೇ ಹಾಕು."

ನಾನು ಅಲ್ಲೇ ನಿಂತೆ. ಇಡೀ ವರ್ಷ ಅವರು ದಿನವೂ ಹಾಲು ಕರೆದಿದ್ದರು, ಕಾಯಿಸಿದ್ದರು, ಮೊಸರು ಕಡೆದಿದ್ದರು, ವೀಳ್ಯದೆಲೆ ಹಾಕಿ ತುಪ್ಪ ಇಳಿಸಿದ್ದರು. ಬೆರಳಿಗೆ ತಾಗಿದ ಬೆಣ್ಣೆಯನ್ನೂ ತೊಳೆದುಕೊಂಡಿದ್ದರು. ಕಾರ್ಕಳದಲ್ಲಿ ಪ್ಯಾಕೆಟ್ ಹಾಲಿನ ಅಪವಾದ ಹೊತ್ತುಕೊಂಡಿದ್ದರು. ಉಡುಪಿಯಲ್ಲಿ ಎಲೆಗೆ ಕೈ ಅಡ್ಡ ಹಿಡಿದಿದ್ದರು.

"ನನಗೆ ಒಂದು ಮಾತು ಹೇಳಬಾರದಿತ್ತಾ ಅತ್ತೆ?"

"ಹೇಳಿದರೆ ನೀನು ಬೇಡ ಅನ್ನುತ್ತಿದ್ದೆ. ನೀನು ಹಸಿ ಬಾಣಂತಿ, ಮಗುವಿಗೋಸ್ಕರ ಎಲ್ಲ ಬಿಟ್ಟು ಕುಳಿತಿದ್ದೆ. ನನ್ನ ತುಪ್ಪದಿಂದ ಆದದ್ದು. ನನಗೆ ಮಜ್ಜಿಗೆ ಹೇಗೆ ಗಂಟಲಲ್ಲಿ ಇಳಿಯುತ್ತದೆ, ಹೇಳು" ಎಂದರು. ಆಮೇಲೆ, ಇಷ್ಟು ಮಾತಾಡಿದ್ದೇ ಹೆಚ್ಚಾಯಿತು ಎನ್ನುವಂತೆ, "ಚಾ ತಣ್ಣಗಾಗ್ತದೆ" ಎಂದು ಲೋಟ ಮುಂದೆ ಚಾಚಿದರು.

ನಾನು ಒಳಗೆ ಹೋಗಿ ಹೊಸತಾಗಿ ಚಾ ಮಾಡಿದೆ. ಕೆನೆಗಟ್ಟಿದ ಹಾಲನ್ನು ಲೋಟದ ಅಂಚಿನವರೆಗೆ ಸುರಿದು ತಂದುಕೊಟ್ಟೆ. ಮಗಳು ಹೊಸ್ತಿಲು ಹಿಡಿದುಕೊಂಡು ನಿಂತು ನೋಡುತ್ತಿದ್ದಳು, ಮೇಲ್ತುಟಿಯ ಮೇಲೆ ಅವಳು ಕುಡಿದ ಹಾಲು ಇನ್ನೂ ಹಾಗೆಯೇ ಇತ್ತು. ಅತ್ತೆ ಲೋಟವನ್ನು ಎರಡೂ ಕೈಗಳಲ್ಲಿ ಹಿಡಿದು, ಒಂದು ಗುಟುಕು ಕುಡಿದು, ಸಕ್ಕರೆ ಸಾಲದು ಎಂದರು. ಸಕ್ಕರೆ ಡಬ್ಬಿ ತರಲು ಒಳಗೆ ಹೋದ ನಾನು, ಅಡುಗೆಮನೆಯಲ್ಲಿ ಡಬ್ಬಿ ಹಿಡಿದುಕೊಂಡು ಅತ್ತುಬಿಟ್ಟೆ.